ಎಲ್ಲರ ಜೊತೆಗಿನ ವಜೀರಬೀ ಖಾಲಾ

ಔರಾದಿನ ನಮ್ಮ ಓಣಿಯಲ್ಲಿ ಯಾರಿಗೇ ಜಡ್ಡಾಗಲಿ, ಬೀದರಿನ ಆಸ್ಪತ್ರೆಗೆ ಜೊತೆಗೆ ಹೋಗುವವರು ಓಣಿಗೆಲ್ಲ ಚಿಕ್ಕಮ್ಮನಂತಿರುವ ವಜೀರಬೀ ಖಾಲಾ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಜಗಳಾಡಿ ರೋಗಿಗೆ ಕೊಡಿಸುತ್ತಾರೆ, ಬಾಯಿಗೆ ಸೋಂಪು ಹಾಕುತ್ತಾರೆ, "ಅಂಜಬ್ಯಾಡ್ರಿ, ನಾ ಇದ್ದೇನಲ್ಲ" ಎನ್ನುತ್ತಾರೆ, ಸೂಜಿ ಚುಚ್ಚುವಾಗ ರೋಗಿಗಿಂತ ಮೊದಲು ತಾವೇ "ಯಾ ಅಲ್ಲಾ" ಎಂದು ಚೀರುತ್ತಾರೆ. ಗಂಡ ತೀರಿಕೊಂಡ ಮೇಲಂತೂ ಓಣಿಯಲ್ಲಿ ಎಲ್ಲರೂ ಆರಾಮಿದ್ದರೆ ಅವರಿಗೇ ಚಡಪಡಿಕೆ, ಮನೆಮನೆಗೆ ಹೋಗಿ "ಆ ಕೆಮ್ಮು ಹ್ಯಾಂಗ ಅದರಿ?" ಎಂದು ಕೇಳುತ್ತಾರೆ. ಸಂಜೆ ಒಬ್ಬರೇ ಕೂತಾಗ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಅವರೊಬ್ಬರೇ ಬಸ್ಸಿಗೆ ನಿಂತಿದ್ದರು. "ಇವತ್ತ ಪೇಶಂಟ್ ಯಾರ್ರಿ, ಖಾಲಾ?" ಎಂದೆ. "ನಾನೇ ಇದ್ದೇನಿ. ಮನಸ್ಸಿನ ಡಾಕ್ಟರ್ ಕಡಿ ಹೊಂಟೇನಿ" ಎಂದರು. ಏನಾಯಿತೆಂದು ಆಮೇಲೆ ಅವರೇ ಹೇಳಿದರು. ಒಳಗೆ ಕೂತವರೇ ಓಣಿಯ ಗುಂಡಮ್ಮನ ಮೊಣಕಾಲು, ಹಾವಗೆಪ್ಪನ ಸಕ್ಕರೆ ಕಾಯಿಲೆ ಎಂದು ಶುರುಮಾಡಿದರಂತೆ. ಎಲ್ಲ ಕೇಳಿದ ಡಾಕ್ಟರಬಾಯಿ, "ಅವ್ರದಿರ್ಲಿ. ನಿಮಗ ಏನಾಗ್ತದ, ಹೇಳ್ರಿ" ಎಂದರಂತೆ. ಆಗ ಖಾಲಾ, ಮದುವೆಯಾದಾಗಿನಿಂದ ಬಾಯಲ್ಲಿ ತಾರದ ಗಂಡನ ಹೆಸರನ್ನು "ರಶೀದ ಅಹ್ಮದ" ಎಂದು ಗಟ್ಟಿಯಾಗಿ ಹೇಳಿ ಅತ್ತುಬಿಟ್ಟರಂತೆ. ಈಗ ಬುಧವಾರ ಬಂತೆಂದರೆ ಯಾರು ಕರೆದರೂ, "ನಾಳಿ ಬರ್ತೇನ್ರಿ, ಇವತ್ತ ನಂದು ಅದ" ಎಂದು ಚಪ್ಪಲಿ ಮೆಟ್ಟಿ ಬೀದರಿನ ಬಸ್ಸಿಗೆ ಹೊರಟುಬಿಡುತ್ತಾರೆ.