ಅರ್ಧ ಗುಳಿಗಿ

ಮುದ್ದೇಬಿಹಾಳದ ಆ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ವಿದ್ಯಾವತಿಯ ಕೈಯಿಂದ ಚೀಟಿ ಅಂಟಿಸಿಕೊಳ್ಳದ ವಸ್ತು ಒಂದೂ ಇರಲಿಲ್ಲ. ಆಮ್ಲದ ಬಾಟಲಿಗೆ ಚೀಟಿ, ಉಪ್ಪಿನ ಡಬ್ಬಿಗೆ ಚೀಟಿ, ಕೈ ಒರೆಸುವ ಅರಿವೆ ನೇತುಹಾಕುವ ಮೊಳೆಗೂ ಚೀಟಿ. ಲಚ್ಯಾಣದಲ್ಲಿ ಹುಟ್ಟಿ, ಇಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ನಿಡಗುಂದಿಗೆ ಸೊಸೆಯಾಗಿ ಬಂದವಳು. ಲ್ಯಾಬ್ ಸಹಾಯಕಿಯಾಗಿ ಹತ್ತೊಂಬತ್ತು ವರ್ಷದಿಂದ ದಿನಾ ಬಸ್ಸು ಹಿಡಿದು ಬಂದು ಲ್ಯಾಬಿನ ಬೀಗ ತೆಗೆಯುತ್ತಿದ್ದಳು. ತೆಗೆದ ಮೇಲೆ ಮೊದಲ ಕೆಲಸ, ಹಿಂದಿನ ದಿನ ವಿದ್ಯಾರ್ಥಿಗಳು ಅದಲುಬದಲು ಮಾಡಿಟ್ಟ ಬಾಟಲಿಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು. ಹೇಳಿದ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಹೇಳುತ್ತಿದ್ದಳು, ಪ್ರತಿ ಸಲ ಸಿಟ್ಟಾಗುತ್ತಿದ್ದಳು. ಕೂಗುವ ಜಾತಿಯ ಸಿಟ್ಟಲ್ಲ. ಚಸ್ಮಾ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು, ಅಷ್ಟೆ. ಎಷ್ಟು ಹೊತ್ತು ಒರೆಸಿದಳೋ ಅಷ್ಟು ಸಿಟ್ಟು ಎಂದು ಲ್ಯಾಬಿನವರು ತಿಳಿದುಕೊಳ್ಳುತ್ತಿದ್ದರು.

ಆ ಡಿಸೆಂಬರಿನಲ್ಲಿ ಚಸ್ಮಾದ ಗಾಜು ಸವೆಯುವುದೊಂದು ಬಾಕಿ ಇತ್ತು.

ಕಾರಣ, ಅನಿಲ ತಂದ ಪೆಟ್ಟಿಗೆ. ಅನಿಲ ಸಿಂದಗಿಯವನು, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಕಪ್ಪು ಕಾಗದ ಸುತ್ತಿದ ಅರವತ್ತು ಗಾಜಿನ ನಳಿಕೆಗಳಿದ್ದವು. ಒಂದೊಂದರಲ್ಲೂ ನೀರು, ನೀರಿನಲ್ಲಿ ಚಿಟಿಕೆಯಷ್ಟು ಕಂದು ಧೂಳು. ಕತ್ತಲಲ್ಲಿ ಅಯಸ್ಕಾಂತ ಹಿಡಿದರೆ ಆ ಧೂಳು ಓಡಿ ಬಂದು ಗಾಜಿಗೆ ಗೆರೆಯಾಗಿ ಅಂಟುತ್ತದೆ. ನೀಲಿ ಬೆಳಕು ಬಿಟ್ಟೊಡನೆ ಅದರ ಸೆಳೆತ ಸಡಿಲಗೊಂಡು ನೀರಿನಲ್ಲಿ ಹರಡಿಬಿಡುತ್ತದೆ. ಧೂಳಿನ ಮೈಗೆ ಅನಿಲ ಕಾಂಗ್ರೆಸ್ ಕಸದ, ಅಂದರೆ ಪಾರ್ಥೇನಿಯಂ ಗಿಡದ, ಹೂವಿನ ಪರಾಗದ ಸತ್ವ ಸವರಿದ್ದ. ಆ ಪರಾಗ ಒಗ್ಗದವರ ರಕ್ತದ ತಿಳಿ ಬೆರೆತರೆ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಆಮೇಲೆ ಬೆಳಕು ಬಿಟ್ಟರೂ ಚದುರುವುದಿಲ್ಲ. ಗೆರೆ ಉಳಿದರೆ ಅಲರ್ಜಿ ಉಂಟು, ಅಳಿದರೆ ಇಲ್ಲ. ಇದು ನಿಜವೋ ಸುಳ್ಳೋ ತಿಳಿಯಲು, ಅದೇ ಜನರಿಗೆ ಹಳೆಯ ಚರ್ಮದ ಪರೀಕ್ಷೆಯನ್ನೂ ಮಾಡಿ ಎರಡನ್ನೂ ಹೋಲಿಸಿ ನೋಡಬೇಕಿತ್ತು. ಮಾರುಕಟ್ಟೆಯ ಧೂಳಿನಲ್ಲಿ ದುಡಿಯುವವರನ್ನು ಕರೆತರುವುದು, ನಳಿಕೆಗಳನ್ನು ಬೆಳಕಿನಿಂದ ಕಾಯುವುದು ವಿದ್ಯಾವತಿಯ ಪಾಲಿಗೆ ಬಂತು.

ಪೆಟ್ಟಿಗೆಯ ಮೇಲೆ ಅವಳು ಮೂರು ಚೀಟಿ ಅಂಟಿಸಿದ್ದಳು. ಮೂರರಲ್ಲೂ ಒಂದೇ ಮಾತು: ಬಿಸಿಲಿನಲ್ಲಿ ತೆರೆಯಬಾರದು. ಇಂಡಿಯ ಮೊದಲ ಶಿಬಿರದಲ್ಲಿ ಉದ್ಘಾಟನೆಗೆ ಬಂದ ಹಿರಿಯರೊಬ್ಬರು, ಮುಚ್ಚಿದ ಪೆಟ್ಟಿಗೆಯ ಜೊತೆ ಫೋಟೊ ತೆಗೆಸಿಕೊಂಡರೆ ಜನ ಏನೆಂದುಕೊಂಡಾರು ಎಂದು, ಅಂಗಳದ ನಟ್ಟ ಬಿಸಿಲಿನಲ್ಲಿ ಅದನ್ನು ಬಿಚ್ಚಿಸಿದರು. ಕಪ್ಪು ಕಾಗದ ಸುಲಿದು ಇಪ್ಪತ್ತೊಂದು ನಳಿಕೆಗಳನ್ನು ತಟ್ಟೆಯಲ್ಲಿ ಹೂವಿನ ಜೊತೆ ಜೋಡಿಸಿದರು. ಫೋಟೊ ಚೆನ್ನಾಗಿ ಬಂತು. ಇಪ್ಪತ್ತೊಂದು ನಳಿಕೆ ಕೆಟ್ಟವು. ಶಿಬಿರ ಅಲ್ಲಿಗೇ ಮುಗಿಯಿತು.

ಉಳಿದ ನಳಿಕೆಗಳೊಂದಿಗೆ ಮುದ್ದೇಬಿಹಾಳದಲ್ಲಿ ಶಿಬಿರ ಗೊತ್ತಾಯಿತು. ಈ ಸಲ ಉದ್ಘಾಟನೆ ಬೇಡವೆಂದು ವಿದ್ಯಾವತಿ ಹಟ ಹಿಡಿದಳು. ಕಾಲೇಜಿನ ಒಂದು ಕೋಣೆಯ ಕಿಟಕಿಗೆ ಕಪ್ಪು ಕಾಗದ ಬಡಿದು, ಕೆಂಪು ದೀಪ ಹಾಕಿಸಿದಳು. ಮಾರುಕಟ್ಟೆ ಅಂಗಳಕ್ಕೆ ನಾಲ್ಕು ಸಲ ಹೋಗಿ, ಶಿಬಿರಕ್ಕೆ ಏಳು ದಿನ ಮೊದಲಿನಿಂದ ನೆಗಡಿ ಗುಳಿಗೆ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಚರ್ಮದ ಪರೀಕ್ಷೆ ಸುಳ್ಳು ಹೇಳುತ್ತದೆ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದಳು. ಎಲ್ಲರೂ ಹೌದ್ರಿ ಎಂದರು.

ಅವರಲ್ಲಿ ಶಂಕ್ರೆವ್ವ ಒಬ್ಬಳು. ಐವತ್ತರ ಹೆಂಗಸು, ಗುರಪ್ಪನ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವವಳು. ಮಿಲ್ಲಿನ ಹಿಂದಿನ ಅಂಗಳದಲ್ಲಿ ಹೆಂಗಸರು ಗೋಣಿತಟ್ಟು ಹಾಸಿ ಸಾಲಾಗಿ ಕೂತು ಮೊರ ಹಿಡಿಯುತ್ತಿದ್ದರು. ಒಂದೇ ಕೊಡ, ಒಂದೇ ಲೋಟ. ಶಂಕ್ರೆವ್ವನ ಜಾಗ ಕೊನೆಯಲ್ಲಿ, ಗೋಡೆಗೆ ಹತ್ತಿಕೊಂಡು. ದಸರೆಯ ಹೊತ್ತಿಗೆ ಅವಳಿಗೆ ಸೀನು, ಕೆಮ್ಮು, ಕಣ್ಣಲ್ಲಿ ನೀರು ಶುರುವಾಯಿತು. ಪಕ್ಕದ ರೇಣವ್ವ ಮೊದಲು ತನ್ನ ತಟ್ಟು ಒಂದು ಮೊಳ ಸರಿಸಿದಳು, ಆಮೇಲೆ ಒಂದು ಮಾರು. ಆಮೇಲೆ ಲೋಟ ಬೇರೆಯಾಯಿತು. ಕೊನೆಗೆ ಗುರಪ್ಪ, ನೆಟ್ಟಗಾದ ಮೇಲೆ ಬಾ ಎಂದು ಮನೆಗೆ ಕಳಿಸಿದ. ಶಂಕ್ರೆವ್ವ ಸರಕಾರಿ ದವಾಖಾನೆಯಲ್ಲಿ ಎರಡು ಸಲ ಕಫ ಕೊಟ್ಟು, ಟಿಬಿ ಇಲ್ಲ ಎಂಬ ಕಾಗದ ತಂದು ತೋರಿಸಿದಳು. ರೇಣವ್ವ ಕಾಗದವನ್ನು ದೂರದಿಂದಲೇ ನೋಡಿ, ಅದು ಇಲ್ಲಂದ್ರ ಮತ್ತೇನೈತಿ ಎಂದು ಕೇಳಿದಳು. ಏನಿಲ್ಲ ಎಂದು ಹೇಳುವ ಕಾಗದವನ್ನು ಯಾರೂ ನಂಬುವುದಿಲ್ಲ. ಏನಿದೆ ಎಂದು ಹೇಳಿದರೆ ಮಾತ್ರ ಅವಳಿಗೆ ಮತ್ತೆ ಆ ಸಾಲಿನಲ್ಲಿ ಜಾಗ.

ಶಿಬಿರದ ದಿನ ಮೂವತ್ತೊಂದು ಜನ ಬಂದರು. ಎಲ್ಲರೂ ಮಿಂದು, ಮಡಿಚಿಟ್ಟ ಬಟ್ಟೆ ಉಟ್ಟು, ಮದುವೆಗೆ ಬಂದವರ ಹಾಗೆ. ಆರೋಗ್ಯ ಕೇಂದ್ರದ ಡಾಕ್ಟರು ಭುವನೇಶ್ವರಿ ಒಬ್ಬೊಬ್ಬರ ಮುಂಗೈಯ ಒಳಬದಿಗೆ ಪೆನ್ನಿನಿಂದ ಒಂದರಿಂದ ಆರರವರೆಗೆ ಅಂಕಿ ಬರೆದು, ಅಂಕಿಗೊಂದು ಹನಿ ಬಿಟ್ಟು, ಸಣ್ಣಗೆ ಚುಚ್ಚಿದರು. ನಳಿಕೆಗೆ ಬೇಕಾದ ರಕ್ತವನ್ನು ಅದಕ್ಕೂ ಮೊದಲೇ ತೆಗೆದಿಟ್ಟಿದ್ದರು. ಒಂದನೆಯದು ಬರೀ ಉಪ್ಪು ನೀರು, ಯಾರಿಗೂ ಉಬ್ಬಬಾರದು. ಎರಡನೆಯದು ಯಾರ ಕೈಯಾದರೂ ಉಬ್ಬಲೇಬೇಕಾದ ದ್ರಾವಣ. ಮೂರು ಕಾಂಗ್ರೆಸ್ ಕಸ, ನಾಲ್ಕು ತೊಗರಿ ಹೊಟ್ಟಿನ ಧೂಳು, ಐದು ಜಾಲಿ, ಆರು ಮನೆಯ ಧೂಳು.

ಇಪ್ಪತ್ತು ನಿಮಿಷ ಕಳೆಯಿತು. ಕೈಗಳ ಮೇಲೆ ಅಂಕಿಗಳು ಬಿಟ್ಟರೆ ಏನೂ ಇಲ್ಲ. ಎರಡನೆಯದೂ ಇಲ್ಲ. ವಿದ್ಯಾವತಿ ಸಾಲಿನ ಉದ್ದಕ್ಕೂ ನೋಡುತ್ತ ಬಂದು ಶಂಕ್ರೆವ್ವನ ಮುಂದೆ ನಿಂತಳು.

"ಶಂಕ್ರೆವ್ವಕ್ಕ, ಖರೇ ಹೇಳ್ರಿ. ಗುಳಿಗಿ ತಗೊಂಡೀರಿ?"

"ಇಲ್ರಿ ಅಕ್ಕಾರ."

"ಇವತ್ತ ಮುಂಜಾನಿ?"

"ಗುಳಿಗಿ ಅಲ್ರಿ. ಅರ್ಧಾ."

ವಿದ್ಯಾವತಿ ಚಸ್ಮಾ ತೆಗೆದಳು. ಅರ್ಧ ಯಾಕೆ ಎಂದು ಕೇಳಿದಳು.

"ನೀವು ಬ್ಯಾಡ ಅಂದಿದ್ರಿ. ನಿಮ್ಮ ಮಾತು ಮೀರಬಾರ್ದಂತ ಅರ್ಧಾ ಮಾಡಿದೆ. ಇಷ್ಟು ದೊಡ್ಡ ಮಂದಿ ಮುಂದ ಮೂಗ ಸೋರಿಸ್ಕೋತ ಹೆಂಗ ಕೂಡೂದ್ರಿ?"

ಸಾಲಿನವರೆಲ್ಲ ತಲೆಯಾಡಿಸಿದರು. ಆಮೇಲೆ ಒಂದೊಂದೇ ಹೊರಬಿತ್ತು. ಹಮಾಲರು ಇಡೀ ಗುಳಿಗೆ ನುಂಗಿದ್ದರು. ಹೆಂಗಸರು ಒಂದನ್ನು ಇಬ್ಬರು ಹಂಚಿಕೊಂಡಿದ್ದರು. ಮುದುಕನೊಬ್ಬ, ತಾನು ಕಾಲು ಭಾಗವನ್ನಷ್ಟೇ ಚಹಾದ ಜೊತೆ ತೆಗೆದುಕೊಂಡದ್ದು, ತನ್ನದು ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಿಸಿದ. ನಾಲ್ಕು ಮಂದಿ ನಡುವೆ ಸೀನುವುದು ಅಪಮಾನ, ಅದರಲ್ಲೂ ಸೀನಿನ ಪರೀಕ್ಷೆಗೆ ಕರೆದವರ ಮುಂದೆ ಸೀನುವುದು ಇನ್ನೂ ಅಪಮಾನ. ವಿದ್ಯಾವತಿ ಆ ದಿನ ಚಸ್ಮಾ ಒರೆಸಿದ ಹೊತ್ತಿನಲ್ಲಿ ಒಂದು ಕುಕ್ಕರ್ ಬೇಳೆ ಬೇಯುತ್ತಿತ್ತು.

ಸಂಜೆ ಕೆಂಪು ದೀಪದ ಕೋಣೆಯಲ್ಲಿ ಅನಿಲ ನಳಿಕೆಗಳಿಗೆ ನೀಲಿ ಬೆಳಕು ಬಿಟ್ಟು ನೋಡಿದ. ಇಪ್ಪತ್ತರಲ್ಲಿ ಧೂಳು ಹೊಗೆಯ ಹಾಗೆ ಹರಡಿ ಹೋಯಿತು. ಹನ್ನೊಂದರಲ್ಲಿ ಗೆರೆ ಹಾಗೇ ನಿಂತಿತು, ಕಣ್ಣಿಗೆ ಎಳೆದ ಕಾಡಿಗೆಯಂತೆ. ಹನ್ನೊಂದರಲ್ಲಿ ಒಂದು ಶಂಕ್ರೆವ್ವನದು. ಅನಿಲ ತಲೆ ಹಿಡಿದು ಕೂತ. ಕೈಗಳು ಇಲ್ಲ ಎನ್ನುತ್ತಿದ್ದವು, ನಳಿಕೆಗಳು ಹೌದು ಎನ್ನುತ್ತಿದ್ದವು. ತನ್ನ ಧೂಳೇ ಕೆಟ್ಟಿದೆ, ಮೂರು ವರ್ಷದ ಕೆಲಸ ಹೋಯಿತು ಎಂದ. ವಿದ್ಯಾವತಿ ಅವನ ಹಾಳೆಯಲ್ಲಿ ಎರಡನೆಯ ಅಂಕಿಯ ಸಾಲಿನ ಮೇಲೆ ಬೆರಳಿಟ್ಟಳು. ಉಬ್ಬಲೇಬೇಕಾದದ್ದು ಯಾರಿಗೂ ಉಬ್ಬಿಲ್ಲ. ಗುಳಿಗೆ ಕಟ್ಟಿಹಾಕುವುದು ಚರ್ಮವನ್ನು, ರಕ್ತದೊಳಗಿನ ಹಗೆಯನ್ನಲ್ಲ.

"ತಕ್ಕಡಿ ಕೆಟ್ಟೈತಿ ಅಂತ ಜ್ವಾಳಕ್ಕ ಬೈದರ ಹೆಂಗ್ರಿ?" ಎಂದಳು.

ಅನಿಲ ತನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ, ಇನ್ನೊಮ್ಮೆ ಪರೀಕ್ಷೆ ಮಾಡಲೇ ಎಂದು ಕೇಳಿದ. ಅವರು ಬೇಡ ಎಂದರು, ಮತ್ತೆ ಕೇಳಿದ, ಮತ್ತೆ ಬೇಡ ಎಂದರು. ಮೂರನೆಯ ಸಲ ವಿದ್ಯಾವತಿಯೇ ಮಾತಾಡಿದಳು. ಉಳಿದ ಎಂಟು ನಳಿಕೆಗಳಿಗೆ ಎಂಟು ಜನ, ಎರಡು ವಾರದ ನಂತರದ ಶನಿವಾರ ಎಂದು ಗೊತ್ತಾಯಿತು. ಹೆಸರುಗಳನ್ನು ವಿದ್ಯಾವತಿ ಬರೆದಳು. ಮೊದಲ ಹೆಸರು ಶಂಕ್ರೆವ್ವ. ನಳಿಕೆ ಏನು ಹೇಳಿದೆ ಎಂಬುದನ್ನು ಅವಳಿಗೆ ಹೇಳುವಂತಿರಲಿಲ್ಲ. ಇನ್ನೂ ಪರೀಕ್ಷೆಗೆ ನಿಂತ ಪರೀಕ್ಷೆಯ ಮಾತನ್ನು ರೋಗಿಗೆ ಹೇಳಬಾರದು. ಮೇಲಾಗಿ ನಳಿಕೆಗೆ ಕಾಂಗ್ರೆಸ್ ಕಸ ಒಂದೇ ಗೊತ್ತು, ತೊಗರಿಯ ಬಗ್ಗೆ ಅದು ಮೂಕ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಶಂಕ್ರೆವ್ವನ ಮನೆ. ವಿದ್ಯಾವತಿ ಹೋಗಿ ಕಟ್ಟೆಯ ಮೇಲೆ ಕೂತು ಮತ್ತೆ ಮೊದಲಿನಿಂದ ಹೇಳಿದಳು. ಶಂಕ್ರೆವ್ವ ಗುಳಿಗೆಯ ಪಟ್ಟಿಯನ್ನು ತಾನೇ ತಂದು ಅವಳ ಕೈಗಿಟ್ಟಳು. ಆಮೇಲೆ ನೆಲ ನೋಡುತ್ತ ಕೇಳಿದಳು: "ತೊಗರೀದೇ ಅಂತ ಬಂದ್ರ, ಅಕ್ಕಾರ?"

ಹಾಗೆ ಬಂದರೆ ಮಿಲ್ಲಿನ ಬಾಗಿಲು ಪೂರ್ತಿ ಮುಚ್ಚಿದ ಹಾಗೆ. ವಿದ್ಯಾವತಿಗೆ ಅದು ಹೊಳೆದಿರಲಿಲ್ಲವೆಂದಲ್ಲ. ಹೊಳೆದದ್ದನ್ನು ದೂರ ಇಟ್ಟಿದ್ದಳು.

"ಬರಲಿ. ಬಂದದ್ದು ನೋಡೂಣು," ಎಂದಳು. ಆ ಮಾತು ಅವಳ ಕಿವಿಗೇ ಸಪ್ಪಗೆ ಕೇಳಿಸಿತು.

ಕೊನೆಯ ಏಳು ದಿನ ಅವಳು ಬಸ್ಸಿಳಿದು ಕಾಲೇಜಿಗೆ ಹೋಗುವ ಮೊದಲು ಆ ಓಣಿಗೆ ಹೋದಳು. ಔಷಧ ಅಂಗಡಿಯ ಫಯಾಜನಿಗೂ ಹೇಳಿದಳು. ತಾನು ಕೊಡದಿದ್ದರೆ ಬಾಜೂ ಅಂಗಡಿಯವನು ಕೊಡುತ್ತಾನೆ ಎಂದು ಅವನು ನಕ್ಕ. ಆದರೂ ಎಂಟು ಹೆಸರಿನ ಚೀಟಿಯನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟುಕೊಂಡ. ಶಂಕ್ರೆವ್ವನ ಸೀನು ಓಣಿಯ ತುದಿಗೇ ಕೇಳಿಸುತ್ತಿತ್ತು. ಕೇಳಿಸಿದರೆ ವಿದ್ಯಾವತಿಗೆ ಸಮಾಧಾನ, ಸಮಾಧಾನವಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟು. ಐದನೆಯ ದಿನ ಸೀನು ಕೇಳಿಸಲಿಲ್ಲ. ಅವಳು ಹೆಜ್ಜೆ ಚುರುಕು ಮಾಡಿದಳು. ಬಾಗಿಲಲ್ಲಿ ಚಪ್ಪಲಿಗಳ ಸಾಲು, ಒಳಗೆ ಬಾಗೇವಾಡಿಯಿಂದ ಬಂದ ಬೀಗರು. ಮಗಳು ಭಾಗ್ಯಜ್ಯೋತಿಯನ್ನು ನೋಡಲು ಬಂದಿದ್ದರು. ವಿದ್ಯಾವತಿ ಹಿತ್ತಲಿನಿಂದ ಅಡುಗೆಮನೆಗೆ ಹೋದಳು. ಶಂಕ್ರೆವ್ವ ಒಲೆಯ ಪಕ್ಕ ಮೂಲೆಯಲ್ಲಿ, ಸೆರಗಿನ ಗಂಟನ್ನು ಮೂಗು ಬಾಯಿಗೆ ಒತ್ತಿ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಹುಡುಗಿಯ ತಾಯಿ ಎಲ್ಲಿ ಎಂದು ಹೊರಗೆ ಯಾರೋ ಕೇಳುತ್ತಿದ್ದರು. ಅವಳು ಹೊರಗೆ ಹೋಗಲಿಲ್ಲ. ವಿದ್ಯಾವತಿಯ ಕಡೆ ನೋಡಿ, ಬರಿದಾದ ಅಂಗೈ ಬಿಚ್ಚಿ ತೋರಿಸಿದಳು. ಗುಳಿಗೆ ಇಲ್ಲ, ಅರ್ಧವೂ ಇಲ್ಲ.

ಶನಿವಾರ ಶಂಕ್ರೆವ್ವ ಹಳೆಯ ಸೀರೆಯಲ್ಲೇ ಬಂದಳು, ಸೀನುತ್ತ. ಡಾಕ್ಟರು ಹನಿ ಬಿಟ್ಟು ಚುಚ್ಚಿದರು. ಐದು ನಿಮಿಷಕ್ಕೆ ಎರಡನೆಯ ಅಂಕಿಯ ಪಕ್ಕ ಸೊಳ್ಳೆ ಕಚ್ಚಿದಂತೆ ಉಬ್ಬಿತು. ಅನಿಲ ಉಸಿರು ಬಿಟ್ಟದ್ದು ಕೇಳಿಸಿತು. ಹತ್ತು ನಿಮಿಷಕ್ಕೆ ಮೂರನೆಯದು ಎದ್ದಿತು, ಕಡಲೆಕಾಳಿನಷ್ಟು, ಸುತ್ತಲೂ ಕೆಂಪು. ವಿದ್ಯಾವತಿಯ ಕಣ್ಣು ನಾಲ್ಕರ ಮೇಲೆಯೇ ಇತ್ತು. ಶಂಕ್ರೆವ್ವನ ಕಣ್ಣೂ ಅಲ್ಲೇ. ಗಡಿಯಾರದ ಮುಳ್ಳು ಇಷ್ಟು ಸೋಮಾರಿಯೆಂದು ವಿದ್ಯಾವತಿಗೆ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷ ತುಂಬಿದಾಗ ಡಾಕ್ಟರು ಅಳತೆಪಟ್ಟಿ ಇಟ್ಟು, ನಾಲ್ಕಕ್ಕೆ ಸೊನ್ನೆ ಎಂದರು. ಶಂಕ್ರೆವ್ವ ನಾಲ್ಕರ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

ವರದಿಯ ಕಾಗದ ಯಾವಾಗ ಎಂದು ವಿದ್ಯಾವತಿ ಕೇಳಿದಳು. ಎಲ್ಲ ಮುಗಿದು ಸಹಿಯಾಗಲು ಎರಡು ತಿಂಗಳು ಎಂದ ಅನಿಲ. ದದ್ದು ಎಷ್ಟು ಹೊತ್ತು ಇರುತ್ತದೆ ಎಂದು ಡಾಕ್ಟರನ್ನು ಕೇಳಿದಳು. ಇನ್ನೊಂದು ತಾಸು, ಹೆಚ್ಚೆಂದರೆ. ಅದರಲ್ಲಿ ಅರ್ಧ ತಾಸು ಇಲ್ಲೇ ಕೂತಿರಬೇಕು, ಚುಚ್ಚಿಸಿಕೊಂಡವರನ್ನು ಹಾಗೇ ಕಳಿಸುವಂತಿಲ್ಲ ಎಂದರು. ವಿದ್ಯಾವತಿ ಆ ಅರ್ಧ ತಾಸನ್ನು ಚಸ್ಮಾ ಒರೆಸುತ್ತ ಕಳೆದಳು. ಮುಗಿದೊಡನೆ ಹೊರಗೆ ಆಟೊ ನಿಲ್ಲಿಸಿದಳು.

ಮಿಲ್ಲಿನಲ್ಲಿ ಗುರಪ್ಪ ತೂಕದ ಕಾಟಾದ ಹತ್ತಿರ ನಿಂತಿದ್ದ. ಏನೆಂದು ಕೇಳುವಷ್ಟರಲ್ಲಿ ವಿದ್ಯಾವತಿ ಶಂಕ್ರೆವ್ವನ ಮೊಣಕೈ ಹಿಡಿದು ಹಿಂದಿನ ಅಂಗಳಕ್ಕೆ ನಡೆದಿದ್ದಳು. ಹೆಂಗಸರ ಸಾಲು ಮೊರ ನಿಲ್ಲಿಸಿತು. ಗೋಡೆಯ ಬುಡದಲ್ಲಿ, ಶಂಕ್ರೆವ್ವ ಕೂರುತ್ತಿದ್ದ ಜಾಗದ ಹಿಂದೆ, ಕಾಂಗ್ರೆಸ್ ಕಸ ಮಂಡಿಯೆತ್ತರಕ್ಕೆ ಬೆಳೆದು ಬಿಳಿ ಹೂವಿನಲ್ಲಿ ಮುಳುಗಿತ್ತು. ವಿದ್ಯಾವತಿ ಶಂಕ್ರೆವ್ವನ ಕೈಯನ್ನು ರೇಣವ್ವನ ಮುಂದೆ ಚಾಚಿಸಿದಳು. ಇದು ಏನು ಎಂದು ಕೇಳಿದ್ದಿರಲ್ಲ, ಇದು ಎಂದು ಮೂರನೆಯ ಅಂಕಿ ತೋರಿಸಿದಳು. ಆ ಕಸದ ಹೂವಿನ ಹುಡಿ. ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ.

ರೇಣವ್ವ ತೊಗರಿಕಾಳು ಪರೀಕ್ಷಿಸುವ ಹಾಗೆ ದದ್ದನ್ನು ಬೆರಳಿನಿಂದ ಒತ್ತಿ ನೋಡಿದಳು.

"ತೊಗರೀದು ಯಾವ್ದು?"

"ನಾಕನೇದು."

ಅದನ್ನೂ ಒತ್ತಿದಳು. ಸಪಾಟು. ಆಮೇಲೆ ಶಂಕ್ರೆವ್ವನ ಮುಖ ನೋಡಿದಳು.

"ಹಂಗಾರ ಎರಡ ತಿಂಗಳ ಬಾಯಾಗ ಏನ ಇಟ್ಕೊಂಡಿದ್ದಿ? ಕಸದ್ದು ಅಂತ ಹೇಳಾಕ ಏನಾಗಿತ್ತ ನಿನಗ?"

ವಿದ್ಯಾವತಿಯ ಕೈ ಚಸ್ಮಾಕ್ಕೆ ಹೋಯಿತು. ಶಂಕ್ರೆವ್ವ ಮಾತ್ರ ಮೆಲ್ಲಗೆ, ನನಗ ಗೊತ್ತಿದ್ರ ಹೇಳ್ತಿದ್ದಿಲ್ಲೇನ ಎಂದಳು. ರೇಣವ್ವ ಗೊಣಗುತ್ತ ತನ್ನ ತಟ್ಟನ್ನು ಎಳೆದುಕೊಂಡು, ಸಾಲಿನ ನಡುವೆ, ಗೋಡೆಯಿಂದ ದೂರ, ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು. ಶಂಕ್ರೆವ್ವ ಕೂತಳು.

ಅಷ್ಟರಲ್ಲಿ ಗುರಪ್ಪ, ಹಿಂದಿನಿಂದ ಎಲ್ಲ ಕೇಳಿಸಿಕೊಂಡವನು, ಉತ್ಸಾಹದಿಂದ ಗೋಡೆಯ ಬುಡಕ್ಕೆ ಹೋಗಿದ್ದ. ತಡೆಯುವಷ್ಟರಲ್ಲಿ ಹೂಬಿಟ್ಟ ಕಸವನ್ನು ಎರಡೂ ಕೈಯಿಂದ ಬುಡಸಮೇತ ಕಿತ್ತು, ಕೊಡವುತ್ತ, ಒಂದು ಹೊರೆಯನ್ನು ತಬ್ಬಿಕೊಂಡು ನೇರವಾಗಿ ಸಾಲಿನ ನಡುವೆ ಬಂದು ಶಂಕ್ರೆವ್ವನ ಮೂಗಿನ ಮುಂದೆ ಹಿಡಿದ.

"ಇದಽ ಏನ್ರಿ ಅದು?"

ಶಂಕ್ರೆವ್ವ ಸೀನಿದಳು. ಒಂದಲ್ಲ, ಎರಡಲ್ಲ, ಏಳು. ಮೊರದೊಳಗಿನ ತೊಗರಿ ಚೆಲ್ಲಿತು. ವಿದ್ಯಾವತಿ ಹೊರೆಯನ್ನು ಕಸಿದು ಅಂಗಳದಾಚೆ ಓಡಿದಳು. ತಿರುಗಿ ನೋಡಿದಾಗ ಹೆಂಗಸರೆಲ್ಲ ಮಾಲಕನೆಂದೂ ನೋಡದೆ ಗುರಪ್ಪನಿಗೆ ಬೈಯುತ್ತಿದ್ದರು. ಎಲ್ಲರಿಗಿಂತ ಜೋರು ರೇಣವ್ವನ ಗಂಟಲು. ಬೈಯುತ್ತಲೇ ಅವಳು ಕೊಡದಿಂದ ನೀರು ತುಂಬಿ, ತಾನೊಂದು ಗುಟುಕು ಕುಡಿದು, ಅದೇ ಲೋಟವನ್ನು ಪಕ್ಕಕ್ಕೆ ಚಾಚಿದಳು. ಶಂಕ್ರೆವ್ವ ಇನ್ನೂ ಸೀನುತ್ತಿದ್ದಳು. ಯಾರ ತಟ್ಟೂ ಸರಿದಿರಲಿಲ್ಲ.