ಬೀಗಕ್ಕೆ ಕುಡಿಸಿದ ಮುರುಗಲ ತುಪ್ಪ

ಇದನ್ನು ಹೇಳಬೇಕೆಂದು ಹೊರಟು ಎಷ್ಟೋ ಸಲ ಬೇರೆ ಕತೆ ಹೇಳಿ ಮುಗಿಸಿದ್ದೇನೆ. ಮೊದಲರ್ಧಕ್ಕೆ ನನಗೆ ಈಗಲೂ ನಗು ಬರುತ್ತದೆ. ಉಳಿದರ್ಧಕ್ಕಾಗಿ ಮುಂದೆ ಹಾಕುತ್ತ ಬಂದೆ.

ಮೂವತ್ತರ ದಶಕದ ಕೊನೆ. ಮ್ಯಾಟ್ರಿಕ್ ಮುಗಿಸಿ ಶಿರಸಿಯ ಸಾಹುಕಾರರೊಬ್ಬರ ಅಡಿಕೆ ವಖಾರಿಯಲ್ಲಿ ಗುಮಾಸ್ತನಾಗಿದ್ದೆ. ಸಾಹುಕಾರರಿಗೆ ಕಾರಿತ್ತು. ಅದು ಅವರದೆಂಬುದು ಹೆಸರಿಗೆ ಮಾತ್ರ. ನಿಜವಾದ ಮಾಲೀಕರು ಡ್ರೈವರ್ ಸಾಹೇಬರು. ಐವತ್ತು ದಾಟಿದವರು, ಊರಿನ ಹಳೆಯ ಮುಸ್ಲಿಂ ಮನೆತನದವರು. ಶೆಡ್ಡಿನಲ್ಲಿ ನಿಂತಾಗಲೂ ಕಾರಿಗೆ ಬೀಗ, ಚಾವಿ ಅವರ ಕೋಟಿನ ಕಿಸೆಯಲ್ಲಿ. ಹೊರಗಿನಿಂದ ಚಾವಿ ಹಾಕುವ ತೂತು ಒಂದೇ ಬಾಗಿಲಿಗಿತ್ತು. ಉಳಿದವಕ್ಕೆ ಒಳಗಿನ ಚಿಲಕ.

ಚಳಿಗಾಲದಲ್ಲಿ ನನ್ನ ಹಿಮ್ಮಡಿ ಒಡೆಯುತ್ತಿತ್ತು. ನಮ್ಮ ಕಡೆ ಅದಕ್ಕೆ ಮುರುಗಲ ತುಪ್ಪವೇ ಮದ್ದು. ಮುರುಗಲ ಬೀಜದಿಂದ ತೆಗೆದ ಆ ತುಪ್ಪ ಮೇಣದ ಹಾಗೆ ಗಟ್ಟಿ. ದೀಪಕ್ಕೆ ಹಿಡಿದು ಕರಗಿಸಿ ಬಿರುಕಿಗೆ ತುಂಬಿದರೆ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಆ ಕಾಲಲ್ಲಿ ಕಾರು ಹತ್ತಿದರೆ ಸಾಹೇಬರು ಹಳೆಯ ಪೇಪರ್ ಹಾಸುತ್ತಿದ್ದರು.

"ಮ್ಯಾಟ್ರಿಕ್ ಭಟ್ರೆ, ಪೇಪರ್ ಮೇಲೇ ಕಾಲಿಡಿ. ಓದ್ಲಿಕ್ಕೂ ಆಯ್ತು, ಒರೆಸ್ಲಿಕ್ಕೂ ಆಯ್ತು."

ಸಿದ್ದಾಪುರದ ವ್ಯಾಪಾರಿಗಳೆದುರೂ ಒಮ್ಮೆ ಹೀಗೆಂದರು. ಎಲ್ಲರೂ ನಕ್ಕರು. ಆವತ್ತೇ ನಾನು ಹೂಟ ಹೂಡಿದೆ.

ಮಗಳ ನಿಕಾಹಕ್ಕೆಂದು ಸಾಹೇಬರು ಒಂದು ದಿನ ರಜೆ ಮಾಡಿದರು. ಮರುದಿನ ಬೆಳಿಗ್ಗೆ ಸಾಹುಕಾರರು ಬಿಳಗಿಗೆ ಹೋಗುವವರಿದ್ದರು. ಮಧ್ಯಾಹ್ನ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಚಮಚದಲ್ಲಿ ತುಪ್ಪ ಕರಗಿಸಿ, ತೊಟ್ಟು ತೊಟ್ಟಾಗಿ ಬೀಗದ ತೂತಿಗೆ ಬಿಟ್ಟೆ, ಕುಡಿದಷ್ಟೂ ಕುಡಿಸಿದೆ. ಬೆಳಗಿನ ಚಳಿಗೆ ಅದು ಕಲ್ಲಾಗಬೇಕು, ಸಾಹೇಬರು ಬೈಸಿಕೊಳ್ಳಬೇಕು, ನಾನು ಪಕ್ಕದಲ್ಲಿ ಪೇಪರ್ ಓದುತ್ತ ನಿಲ್ಲಬೇಕು. ಸಂಜೆ ಏನೂ ಆಗಿಲ್ಲವೆಂಬಂತೆ ನಿಕಾಹದ ಮನೆಗೆ ಹೋಗಿ ಶರಬತ್ತು ಕುಡಿದೂ ಬಂದೆ.

ಬೆಳಿಗ್ಗೆ ಬಾಯಿಂದ ಹೊಗೆ ಬರುವಂಥ ಮಾಗಿ ಚಳಿ. ಕಂಕುಳಲ್ಲಿ ಪೇಪರ್ ಇಟ್ಟುಕೊಂಡೇ ಹೋದೆ. ಶೆಡ್ಡಿನೆದುರು ಸಾಹುಕಾರರಿರಲಿಲ್ಲ. ಅತ್ತರಿನ ವಾಸನೆ, ಟ್ರಂಕು, ಮದುಮಗ, ಕೆಂಪು ದುಪಟ್ಟಾ ಹೊದ್ದ ಮದುಮಗಳು. ನಾನು ಶರಬತ್ತು ಕುಡಿದು ಹೊರಟ ಮೇಲೆ ಸಾಹುಕಾರರು ನಿಕಾಹಕ್ಕೆ ಬಂದು, ಬಿಳಗಿಯ ಪ್ರಯಾಣ ಮುಂದೂಡಿ, ಮಗಳನ್ನು ಯಲ್ಲಾಪುರಕ್ಕೆ ಕಾರಿನಲ್ಲೇ ಬಿಟ್ಟು ಬಾ ಅಂದಿದ್ದರಂತೆ. ಊರಿನ ಎಷ್ಟೋ ಮದುಮಕ್ಕಳನ್ನು ಗಂಡನ ಮನೆಗೆ ಮುಟ್ಟಿಸಿದವರು ಸಾಹೇಬರು. ಈಗ ಸ್ವಂತ ಮಗಳ ಸರದಿ. ಅವಳ ಹೊಸ ಬೀದಿಯ ತಿರುವಿನಲ್ಲಿ ಮೂರು ಸಲ ಹಾರ್ನ್ ಹೊಡೆಯುತ್ತೇನೆಂದು ಮಾತು ಕೊಟ್ಟಿದ್ದರು.

"ಚಾವಿ ಅರ್ಧಕ್ಕೇ ನಿಲ್ತದಲ್ಲ! ಯಾವ ಪೋರ ಕಡ್ಡಿ ತುರುಕಿದ?" ಸಾಹೇಬರು ಹೇರ್‌ಪಿನ್ನಿನಿಂದ ಕೆದಕುತ್ತಿದ್ದರು.

"ಹಂಡೆಯಿಂದ ಬಿಸಿನೀರು ತಂದು ಹೊಯ್ಯಿ ಮಾರಾಯ," ಎಂದ ಪಕ್ಕದ ಮನೆಯವನೊಬ್ಬ.

"ನಿನ್ನ ತಲೆ ಮೇಲೆ ಹೊಯ್ಕೊ! ಬಣ್ಣ ಎದ್ದು ಬರ್ತದೆ."

ದುಪಟ್ಟಾದೊಳಗಿಂದ ಮದುಮಗಳು ಅಪ್ಪನಿಗೆ, ಎಲ್ಲರಿಗೂ ಕೇಳಲೆಂದು ಕನ್ನಡದಲ್ಲೇ ಅಂದಳು: "ಅಬ್ಬಾ, ನನಗಿಂತ ಮುದ್ದು ಮಾಡಿ ಸಾಕಿದ್ರಿ ಅದನ್ನ. ಈಗ ನೋಡಿ, ಸವತಿ ಥರ ಆಡ್ತದೆ."

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಬೆಂಕಿಕಡ್ಡಿ ಗೀರಿ ಚಾವಿ ಕಾಯಿಸಿದರೆ ಸಾಕೆಂದು ನನಗೊಬ್ಬನಿಗೇ ಗೊತ್ತಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತೆಂದು ಕೇಳುತ್ತಾರೆ. ಕಂಕುಳಿನ ಪೇಪರ್ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ.

ಯಲ್ಲಾಪುರದಲ್ಲಿ ಗಂಡಿನ ಮನೆಯವರ ಮಧ್ಯಾಹ್ನದ ಊಟ ಕಾದಿತ್ತು. ಎಂಟು ಗಂಟೆಯ ಬಸ್ಸು, ಆಗಿನ ಸರ್ವಿಸ್ ಮೋಟಾರು, ತಪ್ಪಿದರೆ ಬೇರೆ ದಾರಿ ಇರಲಿಲ್ಲ. ಟ್ರಂಕು ಟಾಪಿಗೆ ಹೋಯಿತು. ಮದುಮಗಳು ತೆಂಗಿನಕಾಯಿ ಚೀಲಗಳ ನಡುವೆ ಹಿಂದಿನ ಬೆಂಚಿನಲ್ಲಿ ಕೂತಳು. ಧೂಳು ಕರಗುವವರೆಗೂ ಸಾಹೇಬರು ಚಾವಿ ಹಿಡಿದು ನಿಂತಿದ್ದರು.

ಮೋಟಾರು ಯಲ್ಲಾಪುರ ಮುಟ್ಟಿರಬೇಕಾದ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ. ಚಾವಿ ಇಸಿದುಕೊಂಡು ಮೂರು ಕಡ್ಡಿ ಗೀರಿ ಕಾಯಿಸಿ ಒತ್ತಿದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಬಾಗಿಲು ತೆರೆಯಿತು. ಸಾಹೇಬರು ಚಾವಿ ಮೂಸಿ ನೋಡಿದರು. ಮತ್ತೆ ನನ್ನ ಕಾಲು ನೋಡಿದರು.

"ಭಟ್ರೆ, ಹಿಮ್ಮಡಿ ಹೇಗುಂಟು?"

ಅಷ್ಟೇ. ಗ್ರೀಸು ಹೆಚ್ಚಾಗಿತ್ತು, ತಪ್ಪು ತನ್ನದೇ ಎಂದು ಸಾಹುಕಾರರಿಗೆ ಹೇಳಿದರು. ಮುಂದಿನ ಸಲ ನಾನು ಕಾರು ಹತ್ತಿದಾಗ ಎರಡು ಪೇಪರ್ ಹಾಸಿದರು.

ಅವರು ಕೆಲಸ ಬಿಟ್ಟ ಮೇಲೆ ಒಮ್ಮೆ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಕೆಮ್ಮು ಬರುವಷ್ಟು ನಕ್ಕರು. "ನಂಗ್ಯಾಕೆ ಹೇಳ್ತೀರಿ? ಕಾರಲ್ಲಿ ಹೋಗ್ಬೇಕಿದ್ದವ ನಾನಲ್ಲ."

ಯಲ್ಲಾಪುರಕ್ಕೆ ಹೋದಾಗ ಅವಳ ಗಂಡನ ಬಟ್ಟೆ ಅಂಗಡಿಗೂ ಹೋದೆ, ಹೇಳಿಯೇ ಬಿಡಬೇಕೆಂದು. ಅವಳೇ ನೀರು ತಂದುಕೊಟ್ಟಳು, ಗುರುತೂ ಹಿಡಿದಳು.

"ಆ ಕಾರಿನ ಹಾರ್ನು ಭಾಳ ಜೋರಿತ್ತಲ್ಲ?" ಎಂದಳು.

"ಹೌದು, ಜೋರಿತ್ತು," ಎಂದೆ. ನೀರು ಕುಡಿದೆ. ಅರ್ಧ ಡಜನ್ ಟವೆಲ್ಲು ಕೊಂಡು ಎದ್ದು ಬಂದೆ.

ನಾನು ಕ್ಷಮೆ ಕೇಳದೆ ಉಳಿದದ್ದು ಅವಳಲ್ಲಿ, ಡ್ರೈವರ್ ಸಾಹೇಬರ ಮಗಳಲ್ಲಿ.