ಮೊರದ ಮೇಲಿನ ಮಾಸು

ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯ ಸೇರಿದ ಹೊಸತರಲ್ಲಿ ನಾನು ಶಹಾಪುರದ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿಯುತ್ತಿದ್ದೆ. ಗೋಡೆಯ ಮೇಲಿನ ದೇಹದ ಪಟದಲ್ಲಿ ಇನ್ನೂ ಉರ್ದು ಅಕ್ಷರಗಳೇ ಇದ್ದವು. ಪಾಠ ಹೇಳುವ ಡಾಕ್ಟರಮ್ಮ ಮೈಸೂರು ಕಡೆಯವರು, ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಕೋಲಿನಿಂದ ಮುಟ್ಟಿ ಕನ್ನಡದಲ್ಲಿ ಹೇಳುತ್ತಿದ್ದರು: ಒಂದೇ ಬಗೆಯ ಜೀವಕಣಗಳು ಕೂಡಿದರೆ ಅಂಗಾಂಶ, ಅಂಗಾಂಶಗಳು ಕೂಡಿದರೆ ಅಂಗ. ನನಗೆ ಇದೆಲ್ಲ ಸಲೀಸು. ಕುರಿ ಸಾಕುವ ಮನೆಯವಳು ನಾನು. ಕೊಬ್ಬು, ನರ, ಸ್ನಾಯು, ಮೆದು ಎಲುಬು ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದ್ದೆ.

ಆ ಸೊಕ್ಕು ಮಾಸಿನ ಪಾಠದ ದಿನ ಇಳಿಯಿತು. ಕೂಸು ಹುಟ್ಟಿದ ಮೇಲೆ ಬೀಳುವ ಮಾಸು ಹೇಗಿರುತ್ತದೆ ಎಂದು ಕೇಳಿದಾಗ ನಾನೇ ಮೊದಲು ಎದ್ದೆ.

"ಅಂಗಿ ಗುಂಡಿ ಇದ್ದಂಗ ಗಂಟು ಬಾಳ ಇರ್ತಾವ್ರಿ."

"ಅದು ಕುರಿಗಮ್ಮ. ಮನುಷ್ಯರಿಗೆ ಒಂದೇ, ದಪ್ಪ ರೊಟ್ಟಿಯ ಹಾಗೆ," ಎಂದರು ಡಾಕ್ಟರಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವರು ಮುಂದೆ ಹೇಳಿದ್ದು ಅದಕ್ಕೇ ಅಷ್ಟು ಚೆನ್ನಾಗಿ ನೆನಪಿದೆ: ಮಾಸನ್ನು ಹರವಿ ನೋಡಬೇಕು, ಚೂರು ಕಡಿಮೆಯಿದ್ದರೆ ಡಾಕ್ಟರನ್ನು ಕರೆಸಬೇಕು, ಬರಿಗೈ ಒಳಗೆ ಹಾಕಿದರೆ ನಂಜೇರಿ ಬಾಣಂತಿ ಸಾಯುತ್ತಾಳೆ.

ರಜೆಯಲ್ಲಿ ದೇವಾಪುರದ ಮನೆಗೆ ಹೋದಾಗ ಅತ್ತಿಗೆಗೆ ಬೇನೆ ಶುರುವಾಯಿತು. ಸೂಲಗಿತ್ತಿ ಊರಲ್ಲಿರಲಿಲ್ಲ, ಹೆರಿಗೆಗೆ ಅವ್ವನೇ ಕೂತಳು. ಕುರಿ ಈಯಿಸಿ ಈಯಿಸಿ ಅವಳ ಕೈ ಪಳಗಿತ್ತು. ಹಿಂದೆ ಅಡವಿಯ ಕುರಿಹಟ್ಟಿಯಲ್ಲಿ ಅಕ್ಕನ ಹೆರಿಗೆ ಮಾಡಿಸಿದವಳೂ ಅವಳೇ, ಮನುಷ್ಯರ ಹೆರಿಗೆ ಅವಳು ಮಾಡಿಸಿದ್ದು ಅದೊಂದೇ. ಅಕ್ಕ ಹೆತ್ತ ಕೆಲವೇ ದಿನಕ್ಕೆ ಜ್ವರ ಬಂದು ತೀರಿಕೊಂಡಳು. ಅವಳ ಆಯುಷ್ಯ ಅಷ್ಟೇ ಅಂದುಕೊಂಡು ಸುಮ್ಮನಾಗಿದ್ದೆವು.

ಅತ್ತಿಗೆಗೆ ಗಂಡು ಕೂಸು ಹುಟ್ಟಿತು. ಮಾಸೂ ಬಿತ್ತು. ಅವ್ವ ಅದನ್ನೊಮ್ಮೆ ನೋಡಿ ಮೊಣಕೈವರೆಗೆ ಕುಸುಬಿ ಎಣ್ಣೆ ಸವರಿಕೊಳ್ಳತೊಡಗಿದಳು.

"ಒಂದ ಗಂಟು ಬಿದ್ದದ. ಉಳಿದವು ಒಳಗ ಅವ, ತೆಗೀಬೇಕು."

ನಾನು ಅವಳ ಕೈ ಹಿಡಿದೆ. "ಬ್ಯಾಡ ಯವ್ವಾ. ಮನಷ್ಯಾರಿಗಿ ಒಂದ ಇರ್ತದ."

"ನಿನ್ನೆ ಮೊನ್ನೆ ಹುಟ್ಟಿದಾಕಿ ನನಗ ಹೇಳ್ತಿ?"

ನಾನು ಮಾಸನ್ನು ಮೊರದ ಮೇಲೆ ಹರವಿದೆ. ಅದರ ಅಂಚು ಎಲ್ಲಿಯೂ ಹರಿದಿರಲಿಲ್ಲ, ನಡುವೆ ಎಲ್ಲೂ ಚೂರು ಕಿತ್ತುಹೋಗಿರಲಿಲ್ಲ. ಅವ್ವ ಬಗ್ಗಿ ಅಂಚಿನ ಸುತ್ತ ಬೆರಳಾಡಿಸಿದಳು, ಮತ್ತೊಮ್ಮೆ ಆಡಿಸಿದಳು. ಅತ್ತಿಗೆಯ ರಕ್ತ ಆಗಲೇ ಕಡಿಮೆಯಾಗುತ್ತಿತ್ತು.

"ನಿಮ್ಮಕ್ಕಂದೂ ಹಿಂಗ ಇತ್ತು," ಎಂದಳು ಅವ್ವ. "ಉಳಿದದ್ದು ಸಿಗಲಿಲ್ಲ ಅಂತ ನಾ ಒಳಗ ಕೈ ಹಾಕಿ ಬಾಳ ಹೊತ್ತು ಹುಡಕೀನಿ."

ನಾನು ಕೂಸನ್ನು ಒರೆಸಿ ಅತ್ತಿಗೆಯ ಪಕ್ಕ ಮಲಗಿಸಿದೆ.

ಅತ್ತಿಗೆ ಬದುಕಿದಳು. ಅವ್ವ ಆಮೇಲೆ ಯಾವ ಹೆರಿಗೆಗೂ ಹೋಗಲಿಲ್ಲ. ಕುರಿ ಈಯುವಾಗಲೂ ತಾನು ಕೈ ಹಚ್ಚದೆ, ದೂರ ನಿಂತು ಅಣ್ಣನಿಗೆ ಹೇಳಿಕೊಡುತ್ತಿದ್ದಳು.